ರಂಗಶಾಲೆಗೆ ಒಂದು ವರ್ಷ ಕೊಡಬಹುದೇ?

ಕೋರಿಕೆ: ಪದವಿ ಮುಗಿಸಿದ್ದೇನೆ, ಎರಡು ವರ್ಷಗಳಿಂದ ಊರಿನ ಹವ್ಯಾಸಿ ತಂಡದಲ್ಲಿ ಅಭಿನಯಿಸುತ್ತಿದ್ದೇನೆ. ನೀನಾಸಂ ರಂಗಶಿಕ್ಷಣ ಕೇಂದ್ರಕ್ಕೆ ಅರ್ಜಿ ಹಾಕುವ ಆಸೆಯಿದೆ. ಒಂದು ವರ್ಷ ಕೂತು ಕಲಿಯುವಂಥದ್ದು ಅಲ್ಲಿ ಏನಿದೆ ಎಂದು ಮನೆಯವರು ಕೇಳುತ್ತಾರೆ. ಅನುಭವಿಗಳು ತಿಳಿಸಬೇಕಾಗಿ ವಿನಂತಿ.

ಮೊದಲ ಉತ್ತರ: ಹೆಗ್ಗೋಡಿನಲ್ಲಿ 1980ರಲ್ಲಿ ಆರಂಭವಾದ ಆ ಕೇಂದ್ರದಲ್ಲಿ ಕಲಿತು, ಬಳಿಕ ನೀನಾಸಂನ ಸಂಚಾರಿ ನಾಟಕ ತಂಡವಾದ ತಿರುಗಾಟದಲ್ಲಿ ಊರೂರು ಸುತ್ತಿದವನು ನಾನು. ಶಾಲೆಯಲ್ಲಿ ಉಸಿರು, ಉಚ್ಚಾರಣೆ, ದೇಹದ ತಾಲೀಮು ಎಲ್ಲವೂ ಇರುತ್ತವೆ. ಆದರೆ ನನ್ನ ದೊಡ್ಡ ಕೊರತೆ ಬೇರೆಯಿತ್ತು. ಮಾತು ಬಾಯಿಪಾಠವಾಗಿದೆಯೆಂಬ ಧೈರ್ಯದಲ್ಲಿ ನಾನು ಎದುರಿನ ಪಾತ್ರದ ಮಾತು ಮುಗಿಯುವುದನ್ನು ಕಾಯುತ್ತಿದ್ದೆನೇ ಹೊರತು ಅದನ್ನು ಕೇಳುತ್ತಿರಲಿಲ್ಲ. ತರಗತಿಯಲ್ಲಿ ಇದನ್ನು ಹತ್ತು ಸಲ ಹೇಳಿದ್ದರೂ ತಲೆಗೆ ಹೋಗಿದ್ದು ತಿರುಗಾಟದ ಒಂದು ಪ್ರದರ್ಶನದಲ್ಲಿ. ನನ್ನ ಕೈಗೆ ಬರಬೇಕಿದ್ದ ಓಲೆಯನ್ನು ಸಹನಟ ನೇಪಥ್ಯದಲ್ಲೇ ಮರೆತು ಬರಿಗೈಯಲ್ಲಿ ಬಂದರು. ನಾನು ಅಭ್ಯಾಸಬಲದಿಂದ ಕೈಚಾಚಿ, ಇಲ್ಲದ ಓಲೆಯನ್ನು ಬಿಡಿಸಿ, ಗಂಭೀರವಾಗಿ ಓದತೊಡಗಿದೆ. ಸಭೆ ಗೊಳ್ಳೆಂದು ನಕ್ಕಿತು. ಮರುದಿನ ಬೇರೆ ಊರು, ಬೇರೆ ರಂಗ, ಅದೇ ದೃಶ್ಯ: ಅಂದು ಮೊದಲ ಬಾರಿಗೆ ಆ ನಟರ ಕೈಯನ್ನೂ ಮುಖವನ್ನೂ ನೋಡಿದೆ, ನನ್ನ ಮಾತಿನ ಧಾಟಿ ತಾನಾಗಿಯೇ ಬದಲಾಯಿತು. ಮರುದಿನವೇ ತಿದ್ದಿಕೊಳ್ಳುವ ಈ ಅವಕಾಶ, ತಿಂಗಳುಗಟ್ಟಲೆ ತಯಾರಿ ನಡೆಸಿ ಎರಡೇ ಪ್ರದರ್ಶನ ಕೊಡುವ ತಂಡಗಳಲ್ಲಿ ಸಿಗುವುದು ಕಷ್ಟ.

ಎರಡನೆಯ ಉತ್ತರ: ಮೇಲಿನವರ ಮಾತನ್ನು ಒಪ್ಪುತ್ತೇನೆ, ಪೂರ್ತಿಯಾಗಿ ಅಲ್ಲ. ನಾನು ಬೆಂಗಳೂರಿನಲ್ಲಿ ಕಚೇರಿ ಕೆಲಸ ಮುಗಿಸಿ ತಾಲೀಮಿಗೆ ಹೋಗುವ ಹವ್ಯಾಸಿ ನಟಿ. ಸಹನಟರ ಮಾತು ಕೇಳುವುದನ್ನು ನಾವೂ ಕಲಿತಿದ್ದೇವೆ. ನಮಗೆ ಕೈಕೊಡುವುದು ಕಂಠ. ಮೈಕಿಲ್ಲದ ಸಭಾಂಗಣದಲ್ಲಿ ಕೊನೆಯ ಸಾಲಿಗೆ ಕೇಳಿಸಲೆಂದು ಕಿರುಚಿ, ಎರಡನೆಯ ಪ್ರದರ್ಶನಕ್ಕೆ ಗಂಟಲು ಕಟ್ಟಿಸಿಕೊಂಡವಳು ನಾನು. ಹೊಟ್ಟೆಯಿಂದ ಉಸಿರೆತ್ತಿ ಮಾತಾಡುವ ಕ್ರಮವನ್ನು ಪಕ್ಕದಲ್ಲಿ ನಿಂತು ದಿನವೂ ತಿದ್ದುವವರು ಬೇಕು. ಶಾಲೆಗೆ ಹೋಗುವುದಾದರೆ ಅದಕ್ಕಾಗಿ ಹೋಗಿ.

ಮೂರನೆಯ ಉತ್ತರ: ಮನೆಯವರಿಗೆ ಇತರ ದಾರಿಗಳನ್ನೂ ತಿಳಿಸಿ. ಮೈಸೂರಿನ ರಂಗಾಯಣದಲ್ಲಿಯೂ ಒಂದು ವರ್ಷದ ಡಿಪ್ಲೊಮಾ ಇದೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯದು ಮೂರು ವರ್ಷದ ವ್ಯಾಸಂಗ. ಅರ್ಜಿ ಹಾಕುವ ಮುನ್ನ ತಿರುಗಾಟದ ನಾಟಕವೊಂದನ್ನು ನೋಡಿ, ಪರದೆ ಬಿದ್ದ ಮೇಲೂ ಅಲ್ಲೇ ಇರಿ. ಆಗತಾನೇ ಚಪ್ಪಾಳೆ ಗಿಟ್ಟಿಸಿದವರು ಬಣ್ಣ ಒರೆಸಿಕೊಂಡು ರಂಗಸಜ್ಜಿಕೆ ಬಿಚ್ಚಿ ಹೊರುವುದನ್ನು ಕಂಡಾಗಲೂ ನಿಮ್ಮ ಆಸೆ ಹಾಗೆಯೇ ಉಳಿದರೆ ಅರ್ಜಿ ಹಾಕಿ.