ಗಂಡಸರು-ಹೆಂಗಸರು ಸೇರಿ ಆಡುವ ಬೀಚ್ ವಾಲಿಬಾಲ್ ಲೀಗ್: ಏನೇನು ನಿಯಮ ತಿಳಿದಿರಬೇಕು? ಆಡಿದವರು ಹೇಳಿ

ಪ್ರಶ್ನೆ:
ಶಿಕಾಗೊಗೆ ಬಂದು ಎಂಟು ತಿಂಗಳಾಯಿತು. ಆಫೀಸಿನವರು ಈ ಬೇಸಿಗೆಗೆ ನಾರ್ತ್ ಅವೆನ್ಯೂ ಬೀಚ್‌ನಲ್ಲಿ ನಡೆಯುವ ಒಂದು ಕೋ-ಎಡ್ ಲೀಗ್‌ಗೆ ತಂಡದ ಹೆಸರು ಕೊಟ್ಟಿದ್ದಾರೆ. ಅಂಕಣದಲ್ಲಿ ಮೂವರು ಹೆಂಗಸರು, ಮೂವರು ಗಂಡಸರು. ವಾರಕ್ಕೊಂದು ಸಂಜೆ ಆಟ. ನಾನು ಶಿರಸಿ ಕಡೆಯವನು. ಊರಲ್ಲಿ ಗಟ್ಟಿ ಮಣ್ಣಿನ ಅಂಕಣದಲ್ಲಿ ಆಡಿ ಅಭ್ಯಾಸ. ಮರಳಲ್ಲಿ ಯಾವತ್ತೂ ಆಡಿಲ್ಲ, ಹೆಂಗಸರ ಜೊತೆ ಒಂದೇ ತಂಡದಲ್ಲೂ ಆಡಿಲ್ಲ. ರೆಫ್ರಿ ಇರುವುದಿಲ್ಲವಂತೆ. ಅಲ್ಲಿ ಹೋಗಿ ತಪ್ಪು ಮಾಡುವ ಮುಂಚೆ ತಿಳಿದುಕೊಳ್ಳೋಣ ಅಂತ ಕೇಳುತ್ತಿದ್ದೇನೆ.

ಶಿಕಾಗೊದಿಂದ ಒಬ್ಬರು:
ನಾನೂ ಅದೇ ಬೀಚ್‌ನಲ್ಲಿ ಐದು ಬೇಸಿಗೆ ಆಡಿದ್ದೇನೆ. ನಿಮಗೆ ಮೊದಲು ಬೇಕಾಗುವುದು ಹೆಂಗಸರ ಟಚ್ ನಿಯಮ. ನಿಮ್ಮ ಕಡೆ ಚೆಂಡಿಗೆ ಒಂದಕ್ಕಿಂತ ಜಾಸ್ತಿ ಟಚ್ ಆದರೆ, ಅದರಲ್ಲಿ ಒಂದಾದರೂ ಹೆಂಗಸಿನದ್ದಾಗಿರಬೇಕು. ಒಂದೇ ಟಚ್‌ಗೆ ಆಚೆ ಕಳಿಸಿದರೆ ಯಾರು ಕಳಿಸಿದರೂ ನಡೆಯುತ್ತದೆ. ಬ್ಲಾಕ್ ಮಾಡಿದ್ದು, ಅಂದರೆ ನೆಟ್ ಹತ್ತಿರ ಜಿಗಿದು ಎದುರಿನವರ ಹೊಡೆತ ತಡೆದದ್ದು, ಈ ನಿಯಮಕ್ಕೆ ಟಚ್ ಅಂತ ಲೆಕ್ಕಕ್ಕೆ ಬರುವುದಿಲ್ಲ. ಸರ್ವಿಸ್ ಸರದಿಯೂ ಒಬ್ಬ ಗಂಡಸು, ಒಬ್ಬ ಹೆಂಗಸು ಅಂತ ಒಬ್ಬರು ಬಿಟ್ಟು ಒಬ್ಬರಿಗೆ ಹೋಗುತ್ತದೆ. ಹಾಗಾಗಿ ಮುಂದಿನ ಸಾಲಿನಲ್ಲಿ ಒಬ್ಬನೇ ಗಂಡಸು ಉಳಿಯುವ ಸರದಿ ಬಂದೇ ಬರುತ್ತದೆ. ಆಗ ಹಿಂದಿನ ಸಾಲಿನ ಒಬ್ಬ ಗಂಡಸು ಮುಂದೆ ಬಂದು ಬ್ಲಾಕ್ ಮಾಡಬಹುದು ಅಂತ ಬಹಳ ಲೀಗ್‌ಗಳು ಬಿಡುತ್ತವೆ.

ಇದು ಕಾಗದದ ಮೇಲಿನ ಮಾತು. ಆಟದಲ್ಲಿ ಆಗುವುದನ್ನೂ ಹೇಳಬೇಕು. ನನ್ನ ಮೊದಲ ತಂಡದಲ್ಲಿ ಗಂಡಸರು ಮೊದಲ ಟಚ್ ತೆಗೆದುಕೊಳ್ಳುತ್ತಿದ್ದರು. ನಿಯಮ ನೆನಪಾದಾಗ "ಹುಡುಗಿಗೆ ಕೊಡು, ಹುಡುಗಿಗೆ ಕೊಡು" ಅಂತ ಕೂಗಿ ಎರಡನೆಯದನ್ನು ನಮ್ಮಂಥ ಹೆಂಗಸರ ಮೇಲೆ ಎಸೆಯುತ್ತಿದ್ದರು. ಸರ್ವಿಸ್ ನೇರ ನನ್ನ ಕಡೆ ಬಂದರೂ ಪಕ್ಕದವರು ನನ್ನ ಮುಂದೆ ನುಗ್ಗಿ ಹೊಡೆಯುತ್ತಿದ್ದರು. ಇಡೀ ಸಂಜೆ ನಿಂತು, ಕೈಗೆ ಚೆಂಡೇ ತಾಗದೆ ಮನೆಗೆ ಬಂದ ದಿನಗಳಿವೆ. ತುಂಬಾ ಬೇಜಾರಾಗುತ್ತದೆ ಕಣ್ರೀ. ಎರಡನೇ ವರ್ಷ ತಂಡ ಬದಲಿಸಿದೆ. ಅಲ್ಲಿ ನನ್ನನ್ನೇ ಲಿಫ್ಟರ್ ಮಾಡಿದರು, ಅಂದರೆ ಸ್ಮ್ಯಾಶ್ ಹೊಡೆಯುವವರಿಗೆ ಚೆಂಡು ಎತ್ತಿಕೊಡುವ ಕೆಲಸ. ಎರಡನೇ ಟಚ್ ಯಾವಾಗಲೂ ನನ್ನದು. ಟಚ್ ನಿಯಮ ತಾನಾಗಿ ಪೂರೈಸುತ್ತಿತ್ತು, ಯಾರೂ ಎಣಿಸಬೇಕಾಗಿರಲಿಲ್ಲ. ನಿಮ್ಮ ತಂಡದಲ್ಲೂ ಲಿಫ್ಟರ್ ಜಾಗಕ್ಕೆ ಒಬ್ಬ ಹೆಂಗಸನ್ನು ಹಾಕಿ. ಉಳಿದವರ ಚೆಂಡು ಅವರವರಿಗೇ ಇರಲಿ. ಬೇಕು ಅನ್ನುವವರು "ಮೈನ್" ಅಂತ ಜೋರಾಗಿ ಕೂಗಬೇಕು. ಕೂಗಿದ ಮೇಲೆ ಯಾರೂ ಅಡ್ಡ ಬರಬಾರದು.

ಇನ್ನೊಂದು ಮಾತು. ಇಲ್ಲಿ "ಲಿಫ್ಟ್" ಅಂತ ಯಾರಾದರೂ ಕೂಗಿದರೆ ಹೊಗಳಿದರು ಅಂದುಕೊಳ್ಳಬೇಡಿ. ಚೆಂಡು ಕೈಯಲ್ಲಿ ನಿಂತಿತು, ಫೌಲ್ ಅಂತ ಅದರ ಅರ್ಥ. ನಮ್ಮ ಲಿಫ್ಟರ್‌ಗೆ ಇಲ್ಲಿಯವರು ಸೆಟರ್ ಅನ್ನುತ್ತಾರೆ.

ಸ್ಯಾನ್ ಡಿಯಾಗೊದಿಂದ ಇನ್ನೊಬ್ಬರು:
ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಬೆರಳಿನ ವಿಷಯ ಹೇಳುತ್ತೇನೆ, ಊರಿಂದ ಬಂದವರು ಸಿಕ್ಕಿಬೀಳುವುದು ಅಲ್ಲೇ.

ಹಾಸನದ ಹತ್ತಿರ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಆಡಿ ಬೆಳೆದವನು ನಾನು. ಜಿಗಿದು, ಸ್ಮ್ಯಾಶ್ ಹೊಡೆಯುವ ಹಾಗೆ ತೋರಿಸಿ, ಬೆರಳ ತುದಿಯಲ್ಲಿ ಮೆಲ್ಲಗೆ ಬ್ಲಾಕ್ ಹಿಂದೆ ಹಾಕುವುದು ನನ್ನ ಇಷ್ಟದ ಹೊಡೆತ. ಇಲ್ಲಿ ಮೊದಲ ಸಂಜೆ ಹಾಗೆ ಮೂರು ಸಲ ಹಾಕಿದೆ, ಮೂರೂ ಪಾಯಿಂಟ್ ಎದುರಿನವರಿಗೆ ಹೋಯಿತು. ಬೀಚ್ ವಾಲಿಬಾಲ್‌ನಲ್ಲಿ ಬೆರಳ ತುದಿಯಿಂದ ಆಚೆ ತಳ್ಳುವ ಹಾಗಿಲ್ಲ. ಬೆರಳು ಮಡಚಿ ಗೆಣ್ಣಿನಿಂದ ತಳ್ಳಬೇಕು, ಇಲ್ಲವೇ ಅಂಗೈಯಿಂದ ಹೊಡೆಯಬೇಕು. ಎರಡು ವಾರ ಗೋಡೆಗೆ ಗೆಣ್ಣಲ್ಲಿ ತಳ್ಳಿ ತಳ್ಳಿ ಕಲಿತೆ. ಸರ್ವಿಸ್ ಅನ್ನು ತಲೆ ಮೇಲೆ ಬೆರಳಲ್ಲಿ ತೆಗೆದುಕೊಳ್ಳಲೂ ಹೋಗಬೇಡಿ. ಎರಡು ಕೈ ಕೂದಲೆಳೆಯಷ್ಟು ಹಿಂದೆ ಮುಂದೆ ತಾಗಿದರೂ ಡಬಲ್ ಟಚ್ ಅನ್ನುತ್ತಾರೆ. ಮುಂಗೈ ಜೋಡಿಸಿ ತೆಗೆದರೆ ಆ ತಕರಾರಿಲ್ಲ. ಬೆರಳಲ್ಲಿ ಲಿಫ್ಟ್ ಮಾಡಿ ನೆಟ್ ಆಚೆ ಕಳಿಸುವುದಾದರೆ ಚೆಂಡು ನಿಮ್ಮ ಭುಜ ನೋಡುವ ದಿಕ್ಕಿಗೇ, ನೇರ ಮುಂದೆ ಅಥವಾ ನೇರ ಹಿಂದೆ ಹೋಗಬೇಕು. ಓರೆಯಾಗಿ ಹೋದರೆ ಫೌಲ್.

ಆದರೆ ಇವೆಲ್ಲ ಇಬ್ಬಿಬ್ಬರ ಆಟದಲ್ಲಿ ಕಟ್ಟುನಿಟ್ಟು. ಆರು ಜನರ ಲೀಗ್‌ಗಳಲ್ಲಿ ಕೆಲವು ಕಡೆ ಒಳಾಂಗಣದ ನಿಯಮವನ್ನೇ ಬಳಸುತ್ತಾರೆ, ಬೆರಳ ತುದಿಗೂ ಬಿಡುತ್ತಾರೆ. ಬ್ಲಾಕ್ ಕೂಡ ಹಾಗೆಯೇ. ಇಬ್ಬರ ಆಟದಲ್ಲಿ ಬ್ಲಾಕ್‌ಗೆ ತಾಗಿದ್ದು ಒಂದು ಕಡೆಗೆ ಸಿಗುವ ಮೂರು ಟಚ್‌ಗಳಲ್ಲಿ ಒಂದು. ಒಳಾಂಗಣದಲ್ಲಿ ಅದಾದ ಮೇಲೂ ಮೂರು ಇರುತ್ತದೆ. ನಿಮ್ಮದು ಯಾವುದು ಅಂತ ಲೀಗ್ ನಡೆಸುವವರನ್ನು ಈಗಲೇ ಕೇಳಿ. ಪಂದ್ಯ ಶುರುವಾಗುವ ಮುಂಚೆ ಎದುರು ತಂಡದ ನಾಯಕರ ಹತ್ತಿರವೂ ಒಂದು ನಿಮಿಷ ಮಾತಾಡಿ. ನಾನು ನೋಡಿದ ಜಗಳಗಳಲ್ಲಿ ಜಾಸ್ತಿಯವು ಈ ಒಂದು ನಿಮಿಷ ಮಾತಾಡದೆ ಬಂದವು.

ಮರಳಲ್ಲಿ ನಡುಗೆರೆ ಇರುವುದಿಲ್ಲ. ನೆಟ್ ಕೆಳಗೆ ಕಾಲು ಆಚೆ ಹೋದರೆ ಫೌಲ್ ಅಲ್ಲ, ಎದುರಿನವರಿಗೆ ಅಡ್ಡಿಯಾದರೆ ಫೌಲ್. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ತಂಡದ ಒಬ್ಬಳು ಜಿಗಿದು ಇಳಿಯುವಾಗ ಆ ಕಡೆಯವನ ಪಾದದ ಮೇಲೆ ಇಳಿದು, ಕಾಲು ಉಳುಕಿ, ಆ ಇಡೀ ಬೇಸಿಗೆ ಆಡಲಿಲ್ಲ. ನೆಟ್ ಹತ್ತಿರ ನೇರ ಮೇಲಕ್ಕೆ ಜಿಗಿಯಿರಿ, ಮುಂದಕ್ಕೆ ಹಾರಬೇಡಿ.

ಮತ್ತೊಬ್ಬರು:
ಗಾಳಿಯ ಬಗ್ಗೆ ಯಾರೂ ಹೇಳಲಿಲ್ಲ. ಮಿಶಿಗನ್ ಸರೋವರದ ಗಾಳಿಗೆ ಎತ್ತರದ ಲಿಫ್ಟ್ ಎಲ್ಲಿಗೋ ಹೋಗಿ ಬೀಳುತ್ತದೆ. ತಗ್ಗಿಸಿ ಕೊಡಿ. ಬೀಚ್ ಚೆಂಡಿಗೆ ಗಾಳಿ ತುಂಬುವುದೂ ಕಮ್ಮಿ, ಒಳಾಂಗಣದ ಚೆಂಡಿಗಿಂತ ಮೆತ್ತಗೆ. 21ರ ಸೆಟ್‌ನಲ್ಲಿ ಎರಡೂ ತಂಡದ ಪಾಯಿಂಟ್ ಸೇರಿ 7 ಆದಾಗಲೆಲ್ಲ ಕಡೆ ಬದಲಿಸುವುದು ಅದಕ್ಕೇ, ಗಾಳಿ-ಬಿಸಿಲು ಇಬ್ಬರಿಗೂ ಸಮ ಆಗಲಿ ಅಂತ. ಕೊನೆಯ 15ರ ಸೆಟ್‌ನಲ್ಲಿ 5ಕ್ಕೊಮ್ಮೆ. ಕೋ-ಎಡ್‌ನಲ್ಲಿ ನೆಟ್ ಸಾಮಾನ್ಯವಾಗಿ ಗಂಡಸರ ಎತ್ತರಕ್ಕೆ, ಅಂದರೆ 2.43 ಮೀಟರ್ ಇರುತ್ತದೆ. ಹೆಂಗಸರದ್ದು 2.24.

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ಅನುಮಾನ ಉಳಿದಿದೆ. ರೆಫ್ರಿ ಇಲ್ಲದಿದ್ದರೆ ಫೌಲ್ ಹೇಳುವವರು ಯಾರು? ಗೆರೆ ಹತ್ತಿರ ಬಿದ್ದಿದ್ದನ್ನು ಅವರು ಔಟ್ ಅಂದರೆ?

ಶಿಕಾಗೊದವರು:
ನಿಮ್ಮ ತಪ್ಪು ನೀವೇ ಹೇಳಬೇಕು. ನೆಟ್‌ಗೆ ತಾಗಿದರೆ, ಬ್ಲಾಕ್ ಮಾಡುವಾಗ ಬೆರಳಿಗೆ ಚೆಂಡು ಸವರಿ ಹೊರಗೆ ಹೋದರೆ, ಕೈ ಎತ್ತಿ "ನನಗೆ ತಾಗಿತು" ಅನ್ನಿ. ಅವರ ಕಡೆಯ ಗೆರೆ ಅವರು ನೋಡುತ್ತಾರೆ, ನಿಮ್ಮದು ನೀವು. ಗೆರೆ ಅಂದರೆ ಮರಳ ಮೇಲೆ ಕಟ್ಟಿದ ಪಟ್ಟಿ, ಚೆಂಡು ತಾಗಿದರೆ ಅಲುಗುತ್ತದೆ. ಚೆಂಡು ಪಟ್ಟಿಗೇ ತಾಗಿದ್ದರೆ ಇನ್. ಒಪ್ಪಿಗೆ ಆಗದಿದ್ದರೆ ಆ ಪಾಯಿಂಟ್ ಮತ್ತೆ ಆಡಿ. ಪಕ್ಕದ ಅಂಕಣದ ಚೆಂಡು ಉರುಳಿ ಒಳಗೆ ಬಂದರೂ ತಕ್ಷಣ ನಿಲ್ಲಿಸಿ, ಮತ್ತೆ ಆಡಿ. ಅದರ ಮೇಲೆ ಕಾಲಿಟ್ಟರೆ ಮೊಣಕಾಲು ಹೋಗುತ್ತದೆ.

ಒಂದು ಸಲ 20-19ರಲ್ಲಿ ಎದುರು ತಂಡದ ಹುಡುಗನೊಬ್ಬ ಯಾರೂ ನೋಡದ ನೆಟ್ ಟಚ್ ತಾನೇ ಹೇಳಿದ. ಸೆಟ್ ನಮಗೆ ಬಂತು. ಆ ತಂಡದವರ ಜೊತೆ ಇವತ್ತಿಗೂ ಆಡುತ್ತೇವೆ.

ಮತ್ತೆ, ಹೆಂಗಸರು ಕಮ್ಮಿ ಬಂದ ದಿನ ಏನು ಮಾಡಬೇಕು ಅಂತಲೂ ಕೇಳಿಟ್ಟುಕೊಳ್ಳಿ. ಕನಿಷ್ಠ ಇಷ್ಟು ಜನ ಹೆಂಗಸರು ಇರಲೇಬೇಕು ಅಂತ ಲೀಗ್‌ಗಳು ನಿಯಮ ಇಡುತ್ತವೆ, ಇಲ್ಲದಿದ್ದರೆ ಆಡದೆಯೇ ಸೋತ ಹಾಗೆ. ಬದಲಿಗೆ ಬರುವ ಇಬ್ಬರ ನಂಬರ್ ಮೊದಲೇ ಇರಲಿ.

ಕೇಳಿದವರು:
ಮೊದಲ ಪಂದ್ಯ ಮಂಗಳವಾರ. ನಮ್ಮಲ್ಲಿ ಒಬ್ಬರು ಕಾಲೇಜಿನಲ್ಲಿ ಲಿಫ್ಟರ್ ಆಗಿ ಆಡುತ್ತಿದ್ದರು ಅಂತ ಈಗಷ್ಟೇ ಗೊತ್ತಾಯಿತು. ಇಷ್ಟು ದಿನ ಯಾರೂ ಅವರನ್ನು ಕೇಳಿಯೇ ಇರಲಿಲ್ಲ. ಎರಡನೇ ಟಚ್ ಅವರದ್ದೇ ಅಂತ ಹೇಳಿ ಬಂದಿದ್ದೇನೆ.