ಸಹಾಯ ಬೇಕು: ಶುಗರ್ ಇದ್ದು ಭುಜಕ್ಕೆ ಸ್ಟೆರಾಯ್ಡ್ ಇಂಜೆಕ್ಷನ್ ಮಾಡಿಸಿಕೊಂಡವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವು ಸಿಂಧನೂರಿನವರು. ಅವ್ವನಿಗೆ 56 ವರ್ಷ, ಶುಗರ್ ಇದೆ. ಬಲಗೈ ಮೇಲೆತ್ತಲು ಆಗುತ್ತಿಲ್ಲ, ತಲೆ ಬಾಚಿಕೊಳ್ಳುವುದೂ ಕಷ್ಟ. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ನೋವು ಜಾಸ್ತಿ. ರಾಯಚೂರಿನ ಮೂಳೆ ಡಾಕ್ಟರು ಫ್ರೋಜನ್ ಶೋಲ್ಡರ್ (ಭುಜದ ಕೀಲು ಬಿಗಿದುಕೊಳ್ಳುವ ತೊಂದರೆ) ಎಂದರು, ಕೀಲಿನೊಳಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡೋಣ ಎನ್ನುತ್ತಿದ್ದಾರೆ. ಅವ್ವನಿಗೆ ಭಯ. ಇದು ಜಿಮ್ ಹುಡುಗರು ತಗೊಳ್ಳುವಂಥದ್ದಲ್ಲ, ಕಿಡ್ನಿ ಮೇಲಿನ ಗ್ರಂಥಿಯಲ್ಲಿ ಆಗುವ ಕಾರ್ಟಿಸೋಲ್ ಹಾರ್ಮೋನಿನ ಜಾತಿಯದು ಅಂದರೂ ಒಪ್ಪುತ್ತಿಲ್ಲ.

ನನ್ನ ಚಿಂತೆ ಬೇರೆ. ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಶುಗರ್ ಏರಬಹುದು ಎಂದು ಡಾಕ್ಟರೇ ಹೇಳಿದ್ದಾರೆ. ನಿಮಗೆ ಎಷ್ಟು ಏರಿತು, ಯಾವಾಗ ಇಳಿಯಿತು? ಮಾತ್ರೆ ಬದಲಿಸಿದರಾ? ಆಮೇಲೆ ವ್ಯಾಯಾಮವೂ ಮಾಡಲೇಬೇಕಂತೆ. ಸಿಂಧನೂರಿನಲ್ಲೇ ಒಳ್ಳೆ ಫಿಸಿಯೋಥೆರಪಿ ಇದ್ದರೆ ತಿಳಿಸಿ. ಪ್ರತಿ ಸಲ ರಾಯಚೂರಿಗೆ ಬಸ್ಸಿನಲ್ಲಿ ಕರೆದೊಯ್ಯುವುದು ಆಗದ ಮಾತು.