ರವಿವಾರದ ಪ್ರಶ್ನೋತ್ತರ: ಗೋಲ್ಡ್‌ಫಿಶ್, ಮೀನಿನ ಡಾಕ್ಟರ್ ಜೊತಿ

ಅಡ್ಮಿನ್: ಸಂಜಿ 7ರಿಂದ ಡಾಕ್ಟರ್ ಸರ ಇರ್ತಾರ. ಗೋಲ್ಡ್‌ಫಿಶ್ ಬಗ್ಗೆ ಅಷ್ಟ ಕೇಳ್ರಿ. ಶುಭ ಸಂಜೆ ಫೋಟೋ ಹಾಕಬ್ಯಾಡ್ರಿ, ಕೈ ಮುಗೀತೀನಿ.

ವಿಜಯಪುರ ಜಲನಗರ: ನಮಸ್ಕಾರ್ರಿ ಸರ. ನಮ್ಮ ರ್ಯುಕಿನ್ ತಳಿ ಗೋಲ್ಡ್‌ಫಿಶ್ ಕಾಳ ತಿಂದ ಕೂಡ್ಲೆ ಹೊಟ್ಟಿ ಮ್ಯಾಲ ಮಾಡಿ ತೇಲತೈತಿ, ಒಂದ ತಾಸಿಗೆ ಮತ್ತ ಸರಿ ಆಗತೈತಿ.

ಡಾಕ್ಟರ್: ನಮಸ್ಕಾರ. ನೀರಿನ ಮ್ಯಾಲ ತೇಲೋ ಕಾಳ ಹಾಕ್ತೀರಿ ಹೌದಲ್ರಿ? ಅದನ್ನ ತಿನ್ನಾಕ ಹೋಗಿ ಗಾಳಿನೂ ನುಂಗತಾವ. ಆ ಗಿಡ್ಡ ಗುಂಡನ ಮೈಯಾಗ ಗಾಳಿಚೀಲ, ಕರುಳು ಎಲ್ಲಾ ಒತ್ತಿ ಕುಂತಿರ್ತಾವ. ಎರಡ ದಿನ ಉಪವಾಸ ಇಡ್ರಿ, ಮೂರನೇ ದಿನ ಬೇಯಿಸಿದ ಹಸಿ ಬಟಾಣಿ ಸಿಪ್ಪಿ ತಗದು ಚೂರು ಮಾಡಿ ಹಾಕ್ರಿ. ಆಮ್ಯಾಲಿಂದ ಮುಳುಗೋ ಕಾಳ, ಅದೂ ನೆನಸಿ.

ಬೆಳಗಾವಿ ಶಹಾಪುರ: ಸರ ನನ್ನ ಟ್ಯಾಂಕಿನ ಕೆಳಗಿನ ಮೂಲ್ಯಾಗ ಹನಿ ಹನಿ ಸೋರಾಕತ್ತೈತಿ. ಯಾವ ಸಿಲಿಕಾನ್ ಹಚ್ಚಬೇಕ್ರಿ?

ಬಾಗಲಕೋಟಿ ನವನಗರ: ಸರ ಅರ್ಜೆಂಟ್ ಐತ್ರಿ, 3 ಅಡಿ ಟ್ಯಾಂಕ್, 3 ಒರಾಂಡಾ ತಳಿ ಗೋಲ್ಡ್‌ಫಿಶ್, ವರ್ಷ ಆತು ಏನೂ ತ್ರಾಸ ಇರಲಿಲ್ಲ, ಹೋದ ವಾರ ದೊಡ್ಡದಕ್ಕ ಬಿಳಿ ಚುಕ್ಕಿ ಬಂದವು, ಅಂಗಡ್ಯಾಂವ ಇಚ್ ರೋಗ ಅಂದ, ನೀಲಿ ಔಷಧ ಕೊಟ್ಟ, ಐದ ದಿನ ಹಾಕೀನಿ, ಚುಕ್ಕಿ ಹಂಗ ಅದಾವ, ಈಗ ನೋಡಿದ್ರ ಮೂರೂ ಮ್ಯಾಲ ಬಂದು ಬಾಯಿ ಬಾಯಿ ಬಿಡಾಕತ್ತಾವ್ರಿ.

ಡಾಕ್ಟರ್: ಚುಕ್ಕಿ ಎಲ್ಲೆಲ್ಲಿ ಅದಾವ? ಬಾಲದ ಮ್ಯಾಲ ಅದಾವೇನು?

ಬಾಗಲಕೋಟಿ ನವನಗರ: ಬಾಲಕ್ಕ ಇಲ್ರಿ. ಕಿವಿರಿನ ಮುಚ್ಚಳದ ಮ್ಯಾಲ, ಮತ್ತ ಎದಿ ರೆಕ್ಕಿಯ ಮುಂದಿನ ಅಂಚಿಗೆ. ಸಾಲಾಗಿ, ರವಾ ಅಂಟಿಸಿದಂಗ. ಈ ಮೀನು ಉಳಿದ ಎರಡನ್ನ ಬೆನ್ನ ಹತ್ತತಿತ್ತು.

ಡಾಕ್ಟರ್: ಯಪ್ಪಾ. ಅದು ರೋಗ ಅಲ್ರಿ. ನಿಮ್ಮ ಒರಾಂಡಾ ಗಂಡು, ಹರೇಕ್ಕ ಬಂದೈತಿ, ಅಷ್ಟ. ಸಂತಾನದ ಹೊತ್ತಿಗೆ ಗಂಡಿಗೆ ಕಿವಿರಿಗೆ, ರೆಕ್ಕಿಗೆ ಹಂಗ ಗಂಟು ಬರ್ತಾವ, ತಾನ ಹೋಗತಾವ. ಇಚ್ ಆದ್ರ ಮೈ, ಬಾಲ ಎಲ್ಲಾ ಕಡೆ ಅಡ್ಡಾದಿಡ್ಡಿ ಉಪ್ಪು ಚೆಲ್ಲಿದಂಗ ಇರತೈತಿ, ಮೀನು ಕಲ್ಲಿಗೆ ಮೈ ತಿಕ್ಕತೈತಿ. ಚುಕ್ಕಿ ಬಿಡ್ರಿ, ನನಗ ಚಿಂತಿ ಇರೋದು ಔಷಧದ್ದು. ಆ ನೀಲಿ ಔಷಧ ಅಂದ್ರ ಮೆಥಿಲೀನ್ ಬ್ಲೂ ಇರತೈತಿ, ಅದು ಫಿಲ್ಟರಿನ ಸ್ಪಂಜಿನಾಗಿನ ಒಳ್ಳೇ ಬ್ಯಾಕ್ಟೀರಿಯಾನೂ ಕೊಲ್ಲತೈತಿ. ಮೀನಿನ ಹೊಲಸಿನಿಂದ ಬರೋ ಅಮೋನಿಯಾನ ತಿಂದು ನೀರು ಕಾಯ್ತಿದ್ದವರು ಅವರ. ಈಗ ಅವರಿಲ್ಲ, ಅಮೋನಿಯಾ ಏರೈತಿ, ಕಿವಿರು ಸುಡಾಕತ್ತೈತಿ. ನಿಮ್ಮದು ಬೋರಿನ ನೀರು ಆಗಿದ್ರ ಪಿಎಚ್, ಅಂದ್ರ ನೀರಿನ ಹುಳಿ-ಕ್ಷಾರದ ಅಳತಿ, 8ರ ಮ್ಯಾಲ ಇರಬಹುದು, ಪಿಎಚ್ ಏರಿದಷ್ಟು, ನೀರು ಬಿಸಿ ಆದಷ್ಟು ಅದರ ವಿಷ ಜಾಸ್ತಿ. ಈಗಿಂದೀಗ ಔಷಧ ಬಂದ್ ಮಾಡ್ರಿ. ಮೂರನೇ ಒಂದ ಭಾಗ ನೀರು ತಗದು, ಟ್ಯಾಂಕಿನ ನೀರಿನಷ್ಟ ಬಿಸಿ ಇರೋ ನೀರು ಹಾಕ್ರಿ, ನಳದ್ದಾದ್ರ ಕ್ಲೋರಿನ್ ಕಳದು. ನಾಳೆನೂ ಹಂಗ. ಫಿಲ್ಟರಿನಾಗ ಕಾರ್ಬನ್ ಇಡ್ರಿ, ಗಾಳಿ ಪಂಪ್ ಜೋರ ಇಡ್ರಿ, ಎರಡ ದಿನ ಕಾಳ ಬ್ಯಾಡ. ಸ್ಪಂಜು ನಳದ ಕೆಳಗ ತೊಳಿಬ್ಯಾಡ್ರಿ. ಅಮೋನಿಯಾ ನೋಡೋ ಟೆಸ್ಟ್ ಕಿಟ್ ತರ್ರಿ, ಆದ್ರ ನೀರು ನೀಲಿ ಇರೋತನಕ ಅದರ ಬಣ್ಣ ನಂಬಬ್ಯಾಡ್ರಿ, ಹಳದಿನೂ ಹಸಿರು ಕಾಣಸತೈತಿ.

ಇಳಕಲ್: ನನಗ ಒಂದು ಫಾರ್ವರ್ಡ್ ಬಂದೈತಿ, ಎಲ್ಲಾ ರೋಗಕ್ಕೂ ಇದ: ಒಂದು ಚಮಚಿ ಅರಿಶಿಣ, ಎರಡ ಎಸಳು ಬಳ್ಳೊಳ್ಳಿ ಜಜ್ಜಿ, ಒಂದು ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಒಡದು ಟ್ಯಾಂಕಿಗೆ ಹಾಕೋದು.

ಡಾಕ್ಟರ್: ಒಗ್ಗರಣಿ ಒಂದ ಬಾಕಿ ಐತಿ, ಅದನ್ನೂ ಹಾಕಿಬಿಡ್ರಿ. ನಾ ಈಗ ಏನ ಹೇಳೀನಿ? ಇದ್ದ ಫಿಲ್ಟರ್ ಸಾಯಿಸೋ ಔಷಧ ಬ್ಯಾಡ ಅಂತ. ದಯವಿಟ್ಟು ಡಿಲೀಟ್ ಮಾಡ್ರಿ.

ಇಳಕಲ್: ಒಳ್ಳೇದಕ್ಕ ಹಾಕೀನ್ರಿ, ಬೇಕಾದವ್ರು ತಗೋತಾರ.

ಗೋಕಾಕ: ಸರ, ಮನಿಗೆ 8 ಕೆಂಪು 1 ಕರಿ ಮೀನು ಶುಭ ಅಂತಾರ, 2 ಅಡಿ ಟ್ಯಾಂಕ್ ಸಾಕೇನ್ರಿ?

ಅಥಣಿ: ಅಕ್ಕಾರ, ಅದು ಚೀನಾದ ಫೆಂಗ್ ಶುಯಿ, ನಮ್ಮ ವಾಸ್ತು ಅಲ್ಲ.

ಗೋಕಾಕ: ಮೀನು ಎಲ್ಲೀದ್ರೀ ಅಣ್ಣಾರ? ಅದೂ ಚೀನಾದ್ದ.

ಅಥಣಿ: ಮೀನು ಬ್ಯಾರೆ, ನಂಬಿಕಿ ಬ್ಯಾರೆ.

ಇಳಕಲ್: ನಾ ಹಾಕಿದ್ದಕ್ಕ ಡಿಲೀಟ್ ಅಂತಾರ, ಇದು ಅರ್ಧ ತಾಸಿಂದ ನಡದೈತಿ!

ಡಾಕ್ಟರ್: 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ ಅಂದ್ರ ಭರ್ತಿ ತುಂಬಿದ್ರೂ 56 ಲೀಟರ್. ಒಂದಕ್ಕ ಬೇಕಾದಷ್ಟೂ ಅಲ್ಲ. ಒಂಬತ್ತು ಹಾಕಿದ್ರ ಯಾವ ಶಾಸ್ತ್ರದಾಗೂ ಶುಭ ಇಲ್ಲ.

ಮುಧೋಳ: ಸರ ನಮ್ಮ ಮೀನು ತೇಲಾಕತ್ತೈತ್ರಿ.

ಡಾಕ್ಟರ್: ಮ್ಯಾಲ ಬರದೀನಿ.

ಜಮಖಂಡಿ: ತೇಲೋದಕ್ಕ ಔಷಧ ಯಾವ್ದ್ರಿ ಸರ?

ಡಾಕ್ಟರ್: ಓದ್ರಿ. ಮ್ಯಾಲ.

ಬಾಗಲಕೋಟಿ ನವನಗರ: ಸರ ನೀರು ಬದಲಿ ಮಾಡೀನಿ. ಸಣ್ಣವು ಎರಡು ಕೆಳಗ ಇಳದವು. ಗಂಡು ಇನ್ನೂ ಮ್ಯಾಲ ಐತಿ, ಆದ್ರ ಬಾಯಿ ಬಿಡೋದು ಕಡಿಮಿ ಆಗೈತ್ರಿ.

ಡಾಕ್ಟರ್: ರಾತ್ರಿ ಪಂಪ್ ಬಂದ್ ಮಾಡಬ್ಯಾಡ್ರಿ. ಕರೆಂಟ್ ಹೋದ್ರ ಚರಗಿಲೆ ನೀರು ಎತ್ತಿ ಮ್ಯಾಲಿಂದ ಸುರೀರಿ. ಬೆಳಿಗ್ಗೆ ನನಗ ಖಾಸಗಿ ಮೆಸೇಜ್ ಮಾಡ್ರಿ, ಇಲ್ಲಿ ಬ್ಯಾಡ. ನಾ ಊಟಕ್ಕ ಹೊಂಟೆ.

ಬೆಳಗಾವಿ ಶಹಾಪುರ: ಸರ, ಸಿಲಿಕಾನ್? ಕೆಳಗ ಬಕೆಟ್ ಇಟ್ಟೀನ್ರಿ, ಅರ್ಧ ತುಂಬೈತಿ.